ಕಳ್ಳ, ಪವಾಡ ಮತ್ತು ಮನೆವಾರ್ತೆ
(ಮುಗದದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರೆಹರೂಪ)



ದತ್ತಿ ಉಪನ್ಯಾಸವೆಂದರೆ ಪಂಪ, ಶರಣರು, ಇಲ್ಲವೆ ಬೇಂದ್ರೆ ಎಂದು ತಿಳಿದು ಬಂದವರಿಗೆ ಆಮಂತ್ರಣ ಪತ್ರಿಕೆ ನೋಡಿ ಸ್ವಲ್ಪ ಕಸಿವಿಸಿಯಾಗಿರಬೇಕು. ಅದರಲ್ಲಿ ‘ಹಿನಾಮತ್ಸುರಿ’ ಎಂಬ ಜಪಾನಿನ ಚಿತ್ರಕಥೆಯ ಹೆಸರಿದೆ. ಅದು ಒಬ್ಬ ಪುಂಡನ ಕಥೆ, ಕಣ್ಣೋಟದಿಂದಲೇ ವಸ್ತುಗಳನ್ನು ಎತ್ತಿ ಒಗೆಯುವ ಒಬ್ಬ ಹುಡುಗಿಯ ಕಥೆ, ಮೇಲಾಗಿ ನಗೆಯ ಕಥೆ. ಇಂಥದ್ದಕ್ಕೆ ದತ್ತಿಯ ದುಡ್ಡೇ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಕಳ್ಳ, ಪವಾಡ, ನಗೆ ಈ ಮೂರೂ ಕೂಡಿದ ಕಥೆಗಳು ಈ ಊರಿಗೆ ಹೊಸವಲ್ಲ. ನಿಮ್ಮೂರಿನ ಶಾಸನದಿಂದಲೇ ಶುರು ಮಾಡುತ್ತೇನೆ.

1045ರ ಮುಗದ ಶಾಸನ ಹೇಳುವಂತೆ ಚಾವುಂಡ ಗಾವುಂಡನೆಂಬವನು ಇಲ್ಲಿ ‘ಸಮ್ಯಕ್ತ್ವರತ್ನಾಕರ’ ಎಂಬ ಚೈತ್ಯಾಲಯ, ಅಂದರೆ ಬಸದಿ, ಕಟ್ಟಿಸಿದ. ಮುಂದೆ ಅವನ ವಂಶದವನೇ ಆದ ಮಾರ್ತಂಡ ಅದನ್ನು ಜೀರ್ಣೋದ್ಧಾರ ಮಾಡಿಸಿ ಒಂದು ನಾಟಕಶಾಲೆಯನ್ನೂ ಕಟ್ಟಿಸಿದ. ಬಸದಿಯ ಪಕ್ಕಕ್ಕೆ ನಾಟಕಶಾಲೆ! ಅಲ್ಲಿ ಏನನ್ನು ಆಡಿದರೋ ಕಲ್ಲು ಹೇಳುವುದಿಲ್ಲ. ಆದರೆ ಬಸದಿಗೆ ಯಾವ ಸಮ್ಯಕ್ತ್ವದ ಹೆಸರಿಟ್ಟಿದ್ದರೋ ಆ ಸಮ್ಯಕ್ತ್ವಕ್ಕೆ, ಅಂದರೆ ಸರಿಯಾದ ಶ್ರದ್ಧೆಗೆ, ಜೈನರು ಎಂಟು ಅಂಗಗಳನ್ನು ಹೇಳುತ್ತಾರೆ, ಒಂದೊಂದಕ್ಕೂ ಒಂದೊಂದು ಕಥೆ ಇಟ್ಟಿದ್ದಾರೆ. ಮೊದಲನೆಯ ಅಂಗ ನಿಶ್ಶಂಕೆ, ಅಂದರೆ ಸಂಶಯವಿಲ್ಲದ ನಂಬಿಕೆ. ಅದರ ಕಥಾನಾಯಕ ರಾಜನೂ ಅಲ್ಲ, ಮುನಿಯೂ ಅಲ್ಲ. ಒಬ್ಬ ಕಳ್ಳ.

ಅವನು ಅಂಜನಚೋರ. ಕಣ್ಣಿಗೆ ಒಂದು ಕಾಡಿಗೆ ಹಚ್ಚಿಕೊಂಡರೆ ಸಾಕು, ಯಾರ ಕಣ್ಣಿಗೂ ಕಾಣದವನಾಗುತ್ತಿದ್ದ. ಅವನ ಪ್ರೇಯಸಿಗೆ ಅರಮನೆಯ ಹಾರ ಬೇಕು ಎನಿಸಿತು. ಹೋದ, ಕದ್ದ, ಹೊರಬಂದ. ಕಳ್ಳ ಕಾಣುತ್ತಿಲ್ಲ ನಿಜ, ಆದರೆ ಹಾರದ ರತ್ನಗಳ ಬೆಳಕು ಮುಚ್ಚಿಡಲಿಕ್ಕೆ ಆಗುತ್ತಿಲ್ಲ. ಕತ್ತಲೆಯ ಬೀದಿಯಲ್ಲಿ ಬೆಳಕೊಂದೇ ತಾನೇ ತಾನಾಗಿ ನಡೆದುಹೋಗುತ್ತಿದೆ, ಹಿಂದೆ ಕಾವಲುಗಾರರು ಓಡುತ್ತಿದ್ದಾರೆ. ಧರ್ಮಕಥೆ ಹೇಳುವವನು ಇಲ್ಲಿ ನಗಬೇಡಿ ಎಂದರೂ ಕೇಳುವವರು ನಗುತ್ತಾರೆ. ಈ ಒಂದು ದೃಶ್ಯಕ್ಕಾಗಿಯೇ ಮುಗದದ ನಾಟಕಶಾಲೆ ಕಟ್ಟಿದ್ದರೂ ಹಣ ಪೋಲಾಯಿತು ಎನ್ನಲಾರೆ.

ಓಡಿದ ಅಂಜನ ಹಾರ ಬಿಸಾಕಿ ಸುಡುಗಾಡು ಸೇರುತ್ತಾನೆ. ಅಲ್ಲಿ ಒಬ್ಬ ಮರಕ್ಕೆ ನೆಲುವು ಕಟ್ಟಿ, ಕೆಳಗೆ ಆಯುಧಗಳನ್ನು ಮೊನೆ ಮೇಲಾಗಿ ನೆಟ್ಟು, ಹತ್ತುವುದು ಇಳಿಯುವುದು ಮಾಡುತ್ತಿದ್ದಾನೆ. ನೆಲುವಿನಲ್ಲಿ ಕುಳಿತು ಮಂತ್ರ ಹೇಳುತ್ತ ಒಂದೊಂದೇ ಎಳೆ ಕತ್ತರಿಸಿದರೆ ಆಕಾಶದಲ್ಲಿ ಸಂಚರಿಸುವ ವಿದ್ಯೆ ಸಿದ್ಧಿಸುತ್ತದೆಯಂತೆ. ಸಿದ್ಧಿಸದಿದ್ದರೆ ಕೆಳಗೆ ಮೊನೆಗಳಿವೆ. ಮಂತ್ರ ಗೊತ್ತಿದ್ದವನಿಗೆ ನಂಬಿಕೆ ಸಾಲದು. ಕಳ್ಳನಿಗೆ ಹಿಂದೆ ಕಾವಲುಗಾರರು ಬರುತ್ತಿದ್ದಾರೆ, ಯೋಚಿಸಲು ಪುರುಸೊತ್ತಿಲ್ಲ. ಮಂತ್ರ ಕೇಳಿಕೊಂಡ, ಹತ್ತಿದ, ಕತ್ತರಿಸಿದ, ಹಾರಿದ. ಮುಂದೆ ಮುನಿಯಾಗಿ ಮೋಕ್ಷ ಪಡೆದ. ಮುಗದಕ್ಕೆ ದೂರವೇನೂ ಅಲ್ಲದ ಮುಳುಗುಂದದಲ್ಲಿ ಕುಳಿತು 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ ಇದೇ ಕಳ್ಳನನ್ನು ಲಲಿತಾಂಗ ಎಂದು ಕರೆದು ಕಥೆ ಹೇಳಿದ. ಉಪದೇಶದ ನಡುವೆ ಉಪಮೆಗಳನ್ನು ಮಾಲೆ ಮಾಲೆಯಾಗಿ ಸುರಿದು ನಗಿಸುವ ಕವಿ ಅವನು. ಅವನ ಕೈಗೆ ಕಳ್ಳ ಸಿಕ್ಕಿದ್ದು ಕಳ್ಳನ ಪುಣ್ಯ.

ಇನ್ನೊಬ್ಬ ಕಳ್ಳ ಇನ್ನೂ ದೊಡ್ಡವನು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಅತಿ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’. ಅದರ 19 ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಹಗಲು ಹೊತ್ತು ಕುಷ್ಠರೋಗಿಯ ವೇಷದಲ್ಲಿ ಪಾಳು ಗುಡಿಯೊಂದರಲ್ಲಿ ಬಿದ್ದಿರುತ್ತಾನೆ, ರಾತ್ರಿಯಾದರೆ ಸುಂದರಾಂಗ. ಮಂತ್ರ ತಂತ್ರ ಚೂರ್ಣ ಎಲ್ಲ ಬಲ್ಲವ. ಮಿಥಿಲೆಯ ಅರಸನ ಹಾರವನ್ನೇ ಕದಿಯುತ್ತಾನೆ. ಊರಿನ ತಳಾರ, ಅಂದರೆ ಇಂದಿನ ಪೊಲೀಸ್ ಮುಖ್ಯಸ್ಥನಂಥವನು, ಯಮದಂಡ. ಏಳು ದಿನದಲ್ಲಿ ಕಳ್ಳನನ್ನು ಹಿಡಿದು ತಾ, ಇಲ್ಲದಿದ್ದರೆ ಕಳ್ಳನಿಗೆ ಆಗುವ ಶಿಕ್ಷೆ ನಿನಗೇ ಎಂದು ಅರಸನ ಅಪ್ಪಣೆ. ಯಮದಂಡ ಕೊನೆಗೆ ಹಿಡಿದದ್ದು ಆ ಕುಷ್ಠರೋಗಿಯನ್ನು. ನೋಡಿದವರೆಲ್ಲ ಗೊಳ್ಳೆಂದು ನಕ್ಕಿರಬೇಕು. ಬಗೆಬಗೆಯ ಚಿತ್ರಹಿಂಸೆ ಕೊಟ್ಟರೂ ರೋಗಿ ಬಾಯಿ ಬಿಡಲಿಲ್ಲ. ಅಭಯ ಕೊಟ್ಟ ಮೇಲೆ ತಾನೇ ಒಪ್ಪಿಕೊಂಡ. ಇವನ ಧೈರ್ಯಕ್ಕೆ ಮೆಚ್ಚಿದ ಅರಸ ವರ ಕೇಳು ಎಂದರೆ, ಯಮದಂಡನನ್ನು ಬಿಡು, ಅವನು ನನ್ನ ಗೆಳೆಯ ಎಂದು ಕೇಳಿಕೊಂಡ.

ಇಬ್ಬರೂ ಒಂದೇ ಊರಿನವರು, ಒಟ್ಟಿಗೆ ಕಲಿತವರು. ಒಬ್ಬ ಅರಸನ ಮಗ, ಇನ್ನೊಬ್ಬ ತಳಾರನ ಮಗ. ಅರಸನ ಮಗ ಕಳ್ಳತನದ ಶಾಸ್ತ್ರ ಕಲಿತ, ತಳಾರನ ಮಗ ಕಳ್ಳರನ್ನು ಹಿಡಿಯುವುದನ್ನು ಕಲಿತ. ನೀನು ಎಲ್ಲಿ ಕಾವಲಿರುತ್ತೀಯೋ ಅಲ್ಲಿಗೇ ಬಂದು ಕದಿಯುತ್ತೇನೆ ಎಂದು ಒಬ್ಬ ಸವಾಲು ಹಾಕಿದ್ದ. ಅದಕ್ಕೆ ಅಂಜಿ ಇನ್ನೊಬ್ಬ ಊರು ಬಿಟ್ಟು ಮಿಥಿಲೆಗೆ ಬಂದಿದ್ದ. ಗೆಳೆಯನನ್ನು ಊರಿಗೆ ಕರೆದುಕೊಂಡು ಹೋಗಲು ವಿದ್ಯುಚ್ಚೋರ ಅಷ್ಟು ದೂರ ಬಂದು, ಇಷ್ಟೆಲ್ಲ ರಂಪ ಮಾಡಿ, ಅಷ್ಟೊಂದು ಪೆಟ್ಟು ತಿಂದಿದ್ದಾನೆ. ಮನೆಗೆ ಬಾರೋ ಎಂದು ನೇರವಾಗಿ ಹೇಳಲಿಕ್ಕೆ ಬಾರದ ಗಂಡಸರು ಹತ್ತನೆಯ ಶತಮಾನದಲ್ಲೂ ಇದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ.

ಊರಿಗೆ ಮರಳಿದ ವಿದ್ಯುಚ್ಚೋರ ರಾಜ್ಯವನ್ನು ಮಗನಿಗೆ ಕೊಟ್ಟು ದೀಕ್ಷೆ ಪಡೆಯುತ್ತಾನೆ. ಕಥೆಯ ಉದ್ದೇಶವೇ ಅದು. ಅಂಜನನೂ ಹಾಗೆಯೇ. ಇಬ್ಬರೂ ಕಳ್ಳರು, ಇಬ್ಬರಿಗೂ ಅಲೌಕಿಕ ಶಕ್ತಿ ಒಲಿದಿದೆ, ಇಬ್ಬರೂ ನಗೆ ಹುಟ್ಟಿಸುತ್ತಾರೆ. ಕೊನೆಗೆ ಇಬ್ಬರೂ ಮನೆ ಬಿಟ್ಟು ಹೋಗುತ್ತಾರೆ. ನಮ್ಮ ಹಳೆಯ ಕಥೆಯಲ್ಲಿ ಪವಾಡವನ್ನು ಕಂಡ ಕಳ್ಳನಿಗೆ ಬಾಗಿಲು ತೆರೆಯುವುದು ಹೊರಗಡೆಗೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಜಪಾನಿಗೆ ಹೋಗೋಣ.

‘ಹಿನಾಮತ್ಸುರಿ’ ಬರೆದು ಚಿತ್ರಿಸಿದವರು ಮಸಾವೊ ಓತಾಕೆ. ಅಲ್ಲಿ ಚಿತ್ರಕಥೆಗಳಿಗೆ ಮಾಂಗಾ ಎನ್ನುತ್ತಾರೆ. ಪುಟಗಳನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಮೊದಲು ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದು ಆಮೇಲೆ ಪುಸ್ತಕವಾಗುವುದು ವಾಡಿಕೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಇದು ಹೊಸದಲ್ಲ. ‘ಹಿನಾಮತ್ಸುರಿ’ 2010ರಲ್ಲಿ ಶುರುವಾಗಿ 2020ರಲ್ಲಿ ಮುಗಿಯಿತು. ಇದು ಪ್ರಕಟವಾಗುತ್ತಿದ್ದ ‘ಫೆಲೋಸ್’ ಪತ್ರಿಕೆಯೇ 2013ರಲ್ಲಿ ‘ಹರ್ತಾ’ ಎಂದು ಹೆಸರು ಬದಲಿಸಿಕೊಂಡಿತು. ಒಟ್ಟು 19 ಸಂಪುಟ. ವಡ್ಡಾರಾಧನೆಯ ಕಥೆಗಳೂ 19. ಇದರಲ್ಲಿ ಅರ್ಥವೇನೂ ಇಲ್ಲ, ಸುಮ್ಮನೆ ಖುಷಿಗೆ ಹೇಳಿದೆ. 2018ರಲ್ಲಿ ‘ಫೀಲ್’ ಎಂಬ ಸ್ಟುಡಿಯೊ ಇದನ್ನು 12 ಕಂತುಗಳ ಅನಿಮೆ, ಅಂದರೆ ಕಾರ್ಟೂನ್ ಸರಣಿ, ಮಾಡಿತು. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು ಅದನ್ನೇ.

ಯೊಶಿಫುಮಿ ನಿತ್ತಾ ಯಾಕುಜಾ ಗುಂಪಿನವನು. ಯಾಕುಜಾ ಎಂದರೆ ಜಪಾನಿನ ಸಂಘಟಿತ ಅಪರಾಧಿಗಳ ಗುಂಪುಗಳು. ಇವನು ಇರುವುದು ಅಶಿಕಾವಾ ಎಂಬ ಗುಂಪಿನಲ್ಲಿ. ದೊಡ್ಡ ನಾಯಕನೂ ಅಲ್ಲ, ಪುಡಿ ರೌಡಿಯೂ ಅಲ್ಲ. ಒಳ್ಳೆಯ ಬಟ್ಟೆ, ಒಳ್ಳೆಯ ಫ್ಲ್ಯಾಟು, ಅಡಿಗೆಯಲ್ಲಿ ಕೈಪಳಗಿದವ. ಅವನಿಗೆ ಇರುವ ಒಂದೇ ಹುಚ್ಚು, ಮುಗದದವರೇ ಕೇಳಿ, ಮಣ್ಣಿನ ಪಾತ್ರೆಗಳದು. ಬೆಲೆಬಾಳುವ ಹೂಜಿ, ಭರಣಿಗಳನ್ನು ಕೊಂಡು ತಂದು, ಒರೆಸಿ, ಇಟ್ಟು, ನೋಡುತ್ತ ಕೂಡುವುದು ಅವನ ಸುಖ. ಇಂಥವನ ಮನೆಯೊಳಗೆ ಒಂದು ದಿನ ತತ್ತಿಯಾಕಾರದ ಲೋಹದ ಗೂಡೊಂದು ಗಾಳಿಯಿಂದ ಉದುರುತ್ತದೆ. ಒಳಗೆ ಹಿನಾ ಎಂಬ ಹುಡುಗಿ. ಮುಖದಲ್ಲಿ ಭಾವವಿಲ್ಲ, ಮನಸ್ಸು ಮಾಡಿದರೆ ಕೈ ಮುಟ್ಟದೆಯೇ ಏನನ್ನಾದರೂ ಎತ್ತಿ ಎಸೆಯಬಲ್ಲಳು. ತನಗೆ ಬೇಕಾದ್ದು ಸಿಗದಿದ್ದರೆ ಅವಳು ಕೈ ಹಾಕುವುದು ನಿತ್ತಾನ ಪಾತ್ರೆಗಳಿಗೆ.

ಈ ಊರಿನ ಕುಂಬಾರರ ಕೆಂಪು ಮಣ್ಣಿನ ಕೆಲಸ ನಾಡಿಗೆಲ್ಲ ಗೊತ್ತು. ತಿಗರಿಯ ಮೇಲೆ ಎದ್ದ ಹರವಿ ಆವಿಗೆಯಿಂದ ಇಡಿಯಾಗಿ ಹೊರಬರುವ ತನಕ ಎಂಥ ಆತಂಕ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ನಿತ್ತಾನ ಸಂಕಟ ಟೋಕಿಯೊದವರಿಗಿಂತ ನಿಮಗೇ ಚೆನ್ನಾಗಿ ತಿಳಿಯುತ್ತದೆ. ಎದುರಾಳಿ ಗುಂಪಿನ ಕತ್ತಿಗೆ ಅಂಜದವನು ಒಂದು ಭರಣಿ ಅಲುಗಾಡಿದರೆ ಕೈಕೈ ಮುಗಿಯುತ್ತಾನೆ. ಮೊದಲು ಹುಡುಗಿಗೆ ಆಟಿಕೆ ಕೊಡಿಸುತ್ತಾನೆ, ಬಟ್ಟೆ ಕೊಡಿಸುತ್ತಾನೆ, ಆಮೇಲೆ ಅವಳಿಗೆ ಪ್ರಾಣವಾದ ಸಾಲ್ಮನ್ ಮೀನಿನ ಕೆಂಪು ತತ್ತಿ ತಂದು ಅನ್ನದ ಮೇಲೆ ಹಾಕಿ ಬಡಿಸುತ್ತಾನೆ, ಆಮೇಲೆ ಶಾಲೆಗೂ ಕಳಿಸುತ್ತಾನೆ. ಎಲ್ಲಿಯೂ ಅವನಿಗೆ ಅಂತಃಕರಣ ಉಕ್ಕಿದ್ದಲ್ಲ. ಮುಂದಿನ ಪಾತ್ರೆ ಒಡೆಯದಿರಲಿ ಎಂಬ ಲೆಕ್ಕಾಚಾರ, ಅಷ್ಟೆ. ಹೀಗೆ ಲೆಕ್ಕ ಹಾಕುತ್ತ ಹಾಕುತ್ತಲೇ ಅವನು ತಂದೆಯಾಗಿಬಿಟ್ಟಿರುತ್ತಾನೆ.

ಶಕ್ತಿಯನ್ನು ಬಳಸಲೇಬೇಡ ಎಂದು ಗದರಿಸಿ ನೋಡುತ್ತಾನೆ. ಬಳಸದೆ ಬಹಳ ದಿನ ತಡೆದರೆ ಅದು ತಾನಾಗಿ ಸಿಡಿದು ಮನೆಯನ್ನೇ ಧ್ವಂಸ ಮಾಡುತ್ತದೆ. ಓತಾಕೆ ಇಲ್ಲಿ ಶಕ್ತಿಗೆ ಸಾಧನೆಯ ಗೌರವ ಕೊಡುವುದಿಲ್ಲ. ಅಂಜನನಿಗೆ ಆಕಾಶವಿದ್ಯೆ ಪ್ರಾಣ ಪಣಕ್ಕಿಟ್ಟು ಗಳಿಸಿದ ಸಿದ್ಧಿ. ಹಿನಾಳಿಗೆ ಶಕ್ತಿ ಹುಟ್ಟಿನಿಂದ ಅಂಟಿಕೊಂಡದ್ದು, ತಡೆದರೆ ಕಾಟ ಕೊಡುವುದು, ಹೊಟ್ಟೆ ತುಂಬಿಸದಂಥದು. ಹಿನಾ ಬಂದ ಲೋಕದಲ್ಲಿ ಅವಳನ್ನು ಆಯುಧದಂತೆ ಬಳಸುತ್ತಿದ್ದರು. ಯಾರನ್ನು ಮುಗಿಸಬೇಕು ಎಂದು ಅಪ್ಪಣೆ ಬರುತ್ತಿತ್ತು, ಮುಗಿಸುತ್ತಿದ್ದಳು. ನಿತ್ತಾನಿಗೂ ಎದುರಾಳಿ ಗುಂಪಿನ ಮೇಲೆ ಏರಿಹೋಗಬೇಕಾದ ಹೊತ್ತು ಬರುತ್ತದೆ. ಹುಡುಗಿಯನ್ನು ಕೇಳಿದರೆ ಕೆಲಸ ಸುಲಭ ಎಂದು ಅವನಿಗೆ ಗೊತ್ತು, ಕೇಳಲು ನಾಲಗೆ ಏಳುವುದಿಲ್ಲ. ಅವನು ಅಪ್ಪಣೆ ಕೊಡಲಿಲ್ಲವೆಂದೇ ಅವಳು ತಾನಾಗಿ ಹೊರಡುತ್ತಾಳೆ. ಅವನಿಗೆ ಗುಂಪಿನಲ್ಲಿ ಬಡ್ತಿ ಸಿಗುತ್ತದೆ. ಊರೆಲ್ಲ ಅವನ ಶೌರ್ಯ ಹೊಗಳುತ್ತದೆ, ಅವನು ಮನೆಗೆ ಬಂದು ಅನ್ನಕ್ಕೆ ನೀರು ಇಡುತ್ತಾನೆ.

ಇಲ್ಲಿ ಜಪಾನಿನ ಸಂಗತಿ ಒಂದಿಷ್ಟು ಹೇಳದಿದ್ದರೆ ನಗೆ ಅರ್ಧವೇ ತಿಳಿಯುತ್ತದೆ. ಯಾಕುಜಾ ಗುಂಪು ತನ್ನನ್ನು ಕುಟುಂಬ ಎಂದೇ ಕರೆದುಕೊಳ್ಳುತ್ತದೆ. ನಾಯಕ ತಂದೆಯ ಸ್ಥಾನದವ, ಸೇರಿದವನು ಮಗನ ಸ್ಥಾನದವ, ಜೊತೆಯವರು ಅಣ್ಣತಮ್ಮಂದಿರು. ಸೇರುವಾಗ ವಿಧಿವತ್ತಾಗಿ ಒಂದು ಬಟ್ಟಲಿನ ಸಾಕೆ ಮದ್ಯ ಹಂಚಿಕೊಂಡು ಕುಡಿಯಬೇಕು. ಆ ಬಟ್ಟಲಿನಿಂದ ರಕ್ತಸಂಬಂಧವಿಲ್ಲದ ತಂದೆಮಕ್ಕಳ ಸಂಬಂಧ ಹುಟ್ಟುತ್ತದೆ. ಅಂದರೆ ನಿತ್ತಾನಿಗೆ ಕೂಡಿಕೊಂಡ ಕುಟುಂಬ ಮೊದಲೇ ಇತ್ತು, ಶಾಸ್ತ್ರೋಕ್ತವಾಗಿ. ಅದು ಅವನಿಂದ ನಿಷ್ಠೆ ಕೇಳಿತು, ದುಡ್ಡು ಕೇಳಿತು. ಊಟಕ್ಕೇನು ಮಾಡಲಿ ಎಂದು ಯೋಚಿಸುವ ಕೆಲಸವನ್ನು ಮಾತ್ರ ಕೊಡಲಿಲ್ಲ. ಒಂದು ಬಟ್ಟಲಿನಿಂದ ಆದ ಆ ಮನೆತನದ ಎದುರಿಗೆ ಓತಾಕೆ ಒಡೆದ ಪಾತ್ರೆಗಳಿಂದ ಆದ ಇನ್ನೊಂದನ್ನು ಇಡುತ್ತಾರೆ.

ಯಾವ ಕಾಲಕ್ಕೆ ಇಡುತ್ತಾರೆ ಎಂಬುದೂ ಮುಖ್ಯ. ಜಪಾನಿನಲ್ಲಿ ಈ ಗುಂಪುಗಳನ್ನು ಹತ್ತಿಕ್ಕುವ ಕಾನೂನು ಜಾರಿಗೆ ಬಂದದ್ದು 1992ರಲ್ಲಿ. 2011ರ ಹೊತ್ತಿಗೆ ಎಲ್ಲ ಪ್ರಾಂತಗಳೂ ಅವರ ಜೊತೆ ವ್ಯವಹಾರವನ್ನೇ ತಡೆಯುವ ನಿಯಮ ಮಾಡಿದವು. ಬ್ಯಾಂಕ್ ಖಾತೆ ತೆರೆಯುವುದು, ಮನೆ ಬಾಡಿಗೆಗೆ ಹಿಡಿಯುವುದು ಕಷ್ಟವಾಯಿತು. ಅಲ್ಲಿನ ಪೊಲೀಸ್ ಲೆಕ್ಕದಲ್ಲಿ 2010ರಲ್ಲಿ ಯಾಕುಜಾಗಳು ಮತ್ತು ಅವರ ಸಹಚರರು ಸುಮಾರು 78,000 ಇದ್ದರು, 2020ಕ್ಕೆ ಸುಮಾರು 26,000ಕ್ಕೆ ಇಳಿದರು. ಈ ಚಿತ್ರಕಥೆ ನಡೆದದ್ದು ಸರಿಯಾಗಿ ಅದೇ ಹತ್ತು ವರ್ಷ. ಭಯ ಹುಟ್ಟಿಸುತ್ತಿದ್ದವರು ಬಾಡಿಗೆ ಮನೆಗೆ ಪರದಾಡುವ ಕಾಲದಲ್ಲಿ ಅವರನ್ನು ನೋಡಿ ನಗುವುದು ಸಾಧ್ಯವಾಯಿತು. 2018ರಲ್ಲಿ ಕೌಸುಕೆ ಓನೊ ಅವರ ಇನ್ನೊಂದು ಮಾಂಗಾ ಶುರುವಾಯಿತು, ಅದರಲ್ಲಂತೂ ಹಳೆಯ ಯಾಕುಜಾ ಒಬ್ಬ ಏಪ್ರನ್ ಕಟ್ಟಿಕೊಂಡು ಪೂರ್ಣಾವಧಿ ಮನೆಗೆಲಸಕ್ಕೇ ನಿಂತಿದ್ದಾನೆ.

ನನಗೆ ಈ ಕೃತಿಯಲ್ಲಿ ನಿತ್ತಾನಿಗಿಂತ ಹೆಚ್ಚು ಬೇಕಾದವಳು ಆಂಜು. ಹಿನಾಳನ್ನು ಮುಗಿಸಲು ಅದೇ ಲೋಕದಿಂದ ಬಂದ ಹುಡುಗಿ. ಇಬ್ಬರ ನಡುವೆ ಘೋರ ಯುದ್ಧವಾಗುತ್ತದೆ ಎಂದು ನೀವು ಉಸಿರು ಬಿಗಿಹಿಡಿದಿದ್ದರೆ, ಅವರು ಬೆರಳು ತೋರಿಸಿದ ಕಡೆಗೆ ಮುಖ ತಿರುಗಿಸುವ ಮಕ್ಕಳ ಆಟ ಆಡಿ ತೀರ್ಮಾನ ಮಾಡಿಕೊಳ್ಳುತ್ತಾರೆ. ಸೋತ ಆಂಜು ಹಿಂದಿರುಗಲಾಗದೆ ಇಲ್ಲಿಯೇ ಉಳಿದುಬಿಡುತ್ತಾಳೆ. ಮೊದಮೊದಲು ಕದ್ದು ತಿನ್ನುತ್ತಾಳೆ. ಆಮೇಲೆ ಉದ್ಯಾನದಲ್ಲಿ ಹೊದಿಕೆ ಕಟ್ಟಿಕೊಂಡು ಬದುಕುವ ಮನೆಯಿಲ್ಲದ ಮುದುಕರು ಅವಳನ್ನು ಸೇರಿಸಿಕೊಂಡು ಖಾಲಿ ಡಬ್ಬಿ ಆರಿಸಿ ಮಾರುವುದನ್ನು ಕಲಿಸುತ್ತಾರೆ. ಕಲ್ಲುಬಂಡೆ ಎತ್ತಬಲ್ಲ ಹುಡುಗಿ ಡಬ್ಬಿ ಎಣಿಸಿ ಮಾರಿ ಮೊದಲ ಪುಡಿಗಾಸು ಕಂಡಾಗ ಅದನ್ನು ಹಿಡಿದುಕೊಳ್ಳುವ ರೀತಿ ನೋಡಬೇಕು. ಕೊನೆಗೆ ಆ ಬೀಡನ್ನು ತೆರವು ಮಾಡುತ್ತಾರೆ. ಮುದುಕರು ತಮ್ಮ ಚಿಂತೆ ಬಿಟ್ಟು ಇವಳಿಗೊಂದು ಮನೆ ನೋಡುತ್ತಾರೆ. ಕೆಲವು ದಿನ ನಿತ್ತಾನ ಮನೆಯಲ್ಲಿದ್ದು, ರಾಮೆನ್ ಎಂಬ ನೂಡಲ್ಸಿನ ಅಂಗಡಿ ನಡೆಸುವ ವಯಸ್ಸಾದ ದಂಪತಿಯ ಮಗಳಾಗಿ ಸೇರುತ್ತಾಳೆ. ನಿತ್ತಾನ ಮನೆಯಲ್ಲಿ ಮೆತ್ತನೆ ಹಾಸಿಗೆ, ಬಿಸಿನೀರು ಕಂಡು ಅವಳು ಬೆರಗಾಗುವಾಗ, ಕೊಟ್ಟದ್ದಕ್ಕೆಲ್ಲ ಕೃತಜ್ಞತೆ ಹೇಳುವಾಗ, ಆ ಪುಂಡ ಅಳುತ್ತಾನೆ. ಇಲ್ಲಿ ಲೇಖಕರು ನಗೆ ಬಿಟ್ಟುಕೊಡದೆಯೇ ಕಣ್ಣಲ್ಲಿ ನೀರು ತರಿಸುತ್ತಾರೆ. ಈ ಹದ ಎಲ್ಲರಿಗೂ ಒದಗುವುದಿಲ್ಲ.

ಎಲ್ಲ ಕಡೆ ಈ ಹದ ಇದೆಯೇ? ಇಲ್ಲ. ಹಿನಾಳ ಸಹಪಾಠಿ ಹಿತೊಮಿ ಶಾಲೆಗೆ ಹೋಗುವ ಹುಡುಗಿ. ಏನೋ ಆಗಿ ಬಾರಿನಲ್ಲಿ ಮದ್ಯ ಬೆರೆಸುವ ಕೆಲಸಕ್ಕೆ ಸಿಕ್ಕಿಬೀಳುತ್ತಾಳೆ, ಇಲ್ಲವೆನ್ನಲಾರದೆ ಒಂದರ ಮೇಲೊಂದು ಕೆಲಸ ಒಪ್ಪಿಕೊಳ್ಳುತ್ತಾಳೆ. ಓದುವಾಗ ನಗು ಬರುತ್ತದೆ. ಹೋಟೆಲು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವ ಮಕ್ಕಳನ್ನು ಕಂಡವರಿಗೆ ಆ ನಗು ಅಷ್ಟು ಸಲೀಸಾಗಿ ಬರಬಾರದು. ಯಾಕುಜಾಗಳ ನಿಜವಾದ ದಂಧೆ ಎಂದರೆ ಹಫ್ತಾ ವಸೂಲಿ, ಮೀಟರ್ ಬಡ್ಡಿ, ಮಾದಕ ವಸ್ತು. ಅದು ಪುಟದ ಹೊರಗೇ ಉಳಿದಿದೆ. ನಿತ್ತಾನ ಒಳ್ಳೆಯ ಸೂಟಿನ ದುಡ್ಡು ಎಲ್ಲಿಂದ ಬಂತೆಂದು ಕೃತಿ ಕೇಳುವುದಿಲ್ಲ. ನಮ್ಮ ನಯಸೇನನೂ ಅರಮನೆಯ ಹಾರ ಯಾರ ತೆರಿಗೆಯದು ಎಂದು ಕೇಳಲಿಲ್ಲ ಎನ್ನಬಹುದು. ಹಾಗೆಂದು ಓತಾಕೆಯವರಿಗೆ ಮಾಫಿ ಕೊಡಲಾರೆ.

ಕನ್ನಡದಲ್ಲಿ ಕಳ್ಳನಿಗೆ ಮನೆಯೊಳಗೆ ಜಾಗ ಕೊಟ್ಟ ಕಥೆಯೇ ಇಲ್ಲವೇ ಎಂದು ನೀವು ಕೇಳಬೇಕು. ಒಂದು ಇದೆ, ಬಸವಪುರಾಣದ ಪರಂಪರೆಯಲ್ಲಿ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಹೇಳಿದ ಆ ಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಲಿಂಗ ಕಟ್ಟಿದವರಿಗೆ ಬಸವಣ್ಣನ ಮನೆಯ ಬಾಗಿಲು ಸದಾ ತೆರೆದಿರುತ್ತದೆ ಎಂದು ತಿಳಿದ ಕಳ್ಳರು ಜಂಗಮರ ವೇಷ ಹಾಕಿದರು. ಲಿಂಗ ಎಲ್ಲಿಂದ ತರುವುದು? ಬದನೆಕಾಯಿ ಕಟ್ಟಿಕೊಂಡು ಬಂದರು. ಬಸವಣ್ಣನ ಎದುರಿಗೆ ಬದನೆಕಾಯಿಗಳೆಲ್ಲ ಲಿಂಗಗಳಾದವು. ಹಾರಿಹೋಗುವ ಪವಾಡ ಇದಲ್ಲ. ಬಂದವರನ್ನು ಪಂಕ್ತಿಯಲ್ಲಿ ಕೂರಿಸುವ ಪವಾಡ. ಆ ಕಾಲದ ವಚನಕಾರರಲ್ಲಿ ಕನ್ನದ ಮಾರಿತಂದೆ ಎಂಬವನ ಹೆಸರೂ ಬರುತ್ತದೆ. ಕನ್ನ ಹಾಕುವುದು ಅವನ ಕಾಯಕವಾಗಿತ್ತು ಎನ್ನುತ್ತಾರೆ, ವಚನಗಳಲ್ಲಿಯೂ ಅದೇ ಮಾತು. ಅವನನ್ನು ಅನುಭವಿಗಳ ಸಾಲಿನಿಂದ ಯಾರೂ ಎಬ್ಬಿಸಲಿಲ್ಲ. ಮನೆ ಬಿಟ್ಟು ಹೋದ ಕಳ್ಳನಿಗೂ ಫ್ಲ್ಯಾಟಿನಲ್ಲಿ ಅನ್ನ ಮಾಡುವ ಯಾಕುಜಾನಿಗೂ ನಡುವೆ ಎಲ್ಲೋ ಈ ಪಂಕ್ತಿ ಇದೆ.

ನಮ್ಮ ಸಿನಿಮಾ ಇಷ್ಟು ದೂರ ಬರಲಿಲ್ಲ. 2005ರ ‘ಜೋಗಿ’ ಆಗಲಿ, 2018ರ ‘ಕೆ.ಜಿ.ಎಫ್.’ ಆಗಲಿ, ಕನ್ನಡದ ರೌಡಿಗೆ ಒಬ್ಬಳು ತಾಯಿ ಇರುತ್ತಾಳೆ. ಅವಳಿಗಾಗಿ ಅವನು ಹೊಡೆಯುತ್ತಾನೆ, ಅವಳ ಮಾತಿಗಾಗಿ ಸಾಯಲೂ ಸಿದ್ಧ. ಅಂದರೆ ಎಷ್ಟೇ ದೊಡ್ಡ ಡಾನ್ ಆದರೂ ಅವನು ಮಗ, ಮಗನಾಗಿಯೇ ಉಳಿಯುತ್ತಾನೆ. ತಾಯಿಗಾಗಿ ಪ್ರಾಣ ಕೊಡುವುದು ಒಂದು ದೃಶ್ಯದ ಕೆಲಸ. ಮಗಳ ಶಾಲೆಯ ಪಾಲಕರ ಸಭೆಗೆ ಹೋಗುವುದು ವರ್ಷಗಳ ಕೆಲಸ, ಅದಕ್ಕೆ ಹಿನ್ನೆಲೆ ಸಂಗೀತ ಹೊಂದುವುದಿಲ್ಲ. ಜಪಾನಿನವರು ರೌಡಿಯನ್ನು ಆ ಸಭೆಯ ಸಣ್ಣ ಕುರ್ಚಿಯಲ್ಲಿ ಕೂಡಿಸಿ ನೋಡಿದರು. 2019ರಲ್ಲಿ ಶುರುವಾದ ತತ್ಸುಯಾ ಎಂದೊ ಅವರ ‘ಸ್ಪೈ ಫ್ಯಾಮಿಲಿ’ ಕೂಡ ಇದೇ ಜಾಡಿನದು. ಗೂಢಚಾರ ತಂದೆ, ಕೊಲೆಗಾರ್ತಿ ತಾಯಿ, ಪರರ ಮನಸ್ಸು ಓದುವ ಮಗಳು, ಮೂವರೂ ಸುಳ್ಳು ಸಂಬಂಧದವರು. ಹುಡುಗರಿಗೆ ಅದೇ ಹೆಚ್ಚು ಗೊತ್ತು. ನನ್ನ ಮತ ‘ಹಿನಾಮತ್ಸುರಿ’ಗೆ, ಏಕೆಂದರೆ ಅದರಲ್ಲಿ ದೇಶ ಉಳಿಸುವ ಹೊಣೆ ಯಾರಿಗೂ ಇಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಉಪನ್ಯಾಸ ಶುರುವಾದಾಗಿನಿಂದ ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಏನೋ ಚಿತ್ರ ಬರೆಯುತ್ತಿದ್ದಾಳೆ. ಗುರುಗಳು ದಯವಿಟ್ಟು ಬಯ್ಯಬಾರದು. ತಂಗಿ, ನಿನಗೊಂದು ಕೆಲಸ ಹೇಳುತ್ತೇನೆ. ಯಮದಂಡನಿಗೆ ಅರಸ ಏಳು ದಿನ ಗಡುವು ಕೊಟ್ಟನಲ್ಲ. ಆ ಏಳು ರಾತ್ರಿ ಅವನು ಮನೆಗೆ ಬಂದು ಉಂಡನೋ ಇಲ್ಲವೋ, ಅವನ ಮನೆಯಲ್ಲಿ ಯಾರು ಏನು ಕೇಳಿದರು, ಇವನು ಏನು ಸುಳ್ಳು ಹೇಳಿದ, ಪಾಳು ಗುಡಿಯ ಕುಷ್ಠರೋಗಿಯ ನಗೆ ಎಲ್ಲೋ ಕೇಳಿದ್ದು ಎಂದು ಅವನಿಗೆ ಒಮ್ಮೆಯಾದರೂ ಅನ್ನಿಸಿತೋ ಇಲ್ಲವೋ, ವಡ್ಡಾರಾಧನೆಯ ಕರ್ತೃವಿಗೆ ಇದೆಲ್ಲ ಬೇಕಿರಲಿಲ್ಲ. ಅವನಿಗೆ ದೀಕ್ಷೆಯ ಕಡೆ ಹೋಗುವ ಅವಸರ. ನಿನಗೆ ಅವಸರವಿಲ್ಲ, ಪೆನ್ಸಿಲ್ ಇದೆ. ಎಡದಿಂದ ಬಲಕ್ಕೆ ಬರೆದರೂ ನಡೆಯುತ್ತದೆ.